‘ಅಥವಾ’ ಎಂದರೆ ‘ಮತ್ತು’ ಆಗುವುದಾದರೆ ಕಾನೂನು ಓದಿ ಏನು ಪ್ರಯೋಜನ?

ಅಕ್ಷರಬದ್ಧ:
ಮೂವತ್ತು ವರ್ಷ ಸಿವಿಲ್ ಕಡೆ ವಕೀಲಿಕೆ ಮಾಡಿದ್ದೇನೆ. ಬಹುಪಾಲು ಜಮೀನಿನ ದಾವೆಗಳೇ. ಕಕ್ಷಿದಾರರು ಬಂದು ಕೂತ ಕೂಡಲೇ ಕೇಳುವುದು ಒಂದೇ: “ಸಾರ್, ಕಾನೂನು ಏನು ಹೇಳುತ್ತೆ?” ಮೊದಮೊದಲು ಪುಸ್ತಕ ತೆರೆದು ಕಲಂ ಓದಿ ಹೇಳುತ್ತಿದ್ದೆ. ಈಚೆಗೆ ಹಾಗೆ ಹೇಳಲು ಧೈರ್ಯ ಸಾಲುತ್ತಿಲ್ಲ. ಪುಸ್ತಕದಲ್ಲಿ ಇರುವುದು ಒಂದು, ನಾಳೆ ಪೀಠದಿಂದ ಬರುವುದು ಇನ್ನೊಂದು ಆಗಬಹುದು.

2013ರ ಭೂಸ್ವಾಧೀನ ಕಾಯ್ದೆಯ 24(2)ನೇ ಕಲಂ ತೆಗೆದುಕೊಳ್ಳಿ. ಹಳೆಯ 1894ರ ಕಾಯ್ದೆಯಡಿ ಐತೀರ್ಪು (ಪರಿಹಾರ ನಿಗದಿ ಮಾಡುವ ಆದೇಶ) ಆಗಿ ಐದು ವರ್ಷ ಕಳೆದಿದ್ದು, ಜಮೀನಿನ ಸ್ವಾಧೀನ ಪಡೆದಿಲ್ಲವೆಂದರೆ ‘ಅಥವಾ’ ಪರಿಹಾರ ಕೊಟ್ಟಿಲ್ಲವೆಂದರೆ ಆ ಭೂಸ್ವಾಧೀನ ರದ್ದಾಗುತ್ತದೆ. ಸಂಸತ್ತು ಬರೆದದ್ದು ಇಷ್ಟು. 2014ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಮೂವರ ಪೀಠ ಇದನ್ನು ಬರೆದಂತೆಯೇ ಓದಿತು. ಹಣವನ್ನು ಖಜಾನೆಯಲ್ಲಿ ಇಟ್ಟರೆ ರೈತನಿಗೆ ಕೊಟ್ಟಂತಾಗುವುದಿಲ್ಲ ಎಂದೂ ಹೇಳಿತು. 2020ರ ಮಾರ್ಚ್ 6ರಂದು ಐವರ ಸಂವಿಧಾನ ಪೀಠ ಅದನ್ನು ತಳ್ಳಿಹಾಕಿ, ಇಲ್ಲಿ ‘ಅಥವಾ’ ಎಂಬುದನ್ನು ‘ಮತ್ತು’ ಎಂದು ಓದಬೇಕು ಎಂದಿತು. ಎರಡೂ ಆಗಿಲ್ಲದಿದ್ದರೆ ಮಾತ್ರ ರದ್ದು. ನಡುವಿನ ಆರು ವರ್ಷ ಮೊದಲ ತೀರ್ಪು ನಂಬಿ ಅರ್ಜಿ ಹಾಕಿದವರು ಎಷ್ಟು ಮಂದಿ! ನನ್ನ ಕಪಾಟಿನಲ್ಲೇ ಅಂಥ ಹನ್ನೊಂದು ಕಡತಗಳಿದ್ದವು.

ಇದು ಮೊದಲ ಸಲವಲ್ಲ. ಸಂವಿಧಾನದ 124ನೇ ವಿಧಿಯಲ್ಲಿ ನ್ಯಾಯಮೂರ್ತಿಗಳ ನೇಮಕಕ್ಕೆ ಮುಖ್ಯ ನ್ಯಾಯಮೂರ್ತಿಗಳ ಜೊತೆ ‘ಸಮಾಲೋಚನೆ’ ಎಂದಿದೆ. 1993ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಅದಕ್ಕೆ ‘ಸಮ್ಮತಿ’ಯ ಬಲ ಕೊಟ್ಟಿತು. ನ್ಯಾಯಮೂರ್ತಿಗಳೇ ನ್ಯಾಯಮೂರ್ತಿಗಳನ್ನು ಆರಿಸುವ ಕೊಲಿಜಿಯಂ ಹುಟ್ಟಿದ್ದು ಹಾಗೆ. ಆದರೆ ಸಂವಿಧಾನ ರಚನಾ ಸಭೆಯಲ್ಲಿ ‘ಸಮ್ಮತಿ’ ಎಂದೇ ಬರೆಯೋಣ ಎಂಬ ತಿದ್ದುಪಡಿ ಬಂದಿತ್ತು. 1949ರ ಮೇ 24ರಂದು ಡಾ. ಅಂಬೇಡ್ಕರ್ ಅದನ್ನು ಒಪ್ಪಲಿಲ್ಲ. ಮುಖ್ಯ ನ್ಯಾಯಮೂರ್ತಿಗಳೂ ಮನುಷ್ಯರೇ, ನಮ್ಮೆಲ್ಲರ ದೌರ್ಬಲ್ಯ ಅವರಿಗೂ ಇರುತ್ತದೆ, ಅವರೊಬ್ಬರ ಕೈಗೆ ನಿರಾಕರಣೆಯ ಅಧಿಕಾರ ಕೊಡುವುದು ಅಪಾಯ ಎಂಬುದು ಅವರ ವಾದ. ಸಭೆ ಬೇಡವೆಂದು ಬಿಟ್ಟ ಪದ 44 ವರ್ಷದ ಮೇಲೆ ತೀರ್ಪಿನ ಬಾಗಿಲಿಂದ ಒಳಗೆ ಬಂತು. 2014ರಲ್ಲಿ ಸಂಸತ್ತು 99ನೇ ತಿದ್ದುಪಡಿ ತಂದು ಬೇರೆ ವ್ಯವಸ್ಥೆ ಮಾಡಲು ಹೋದಾಗ, 2015ರ ಅಕ್ಟೋಬರ್ 16ರಂದು 4:1 ಬಹುಮತದಿಂದ ಅದೂ ಹೋಯಿತು.

ಕಾನೂನಿನ ಮಟ್ಟಿಗೆ ನಾನು ಸಂಪ್ರದಾಯವಾದಿ. ಹಾಗೆಂದು ಹೇಳಿಕೊಳ್ಳಲು ನನಗೆ ಅಂಜಿಕೆ ಇಲ್ಲ. ಬರೆದ ಮಾತಿಗೆ ಬರೆದ ದಿನ ಇದ್ದ ಅರ್ಥವೇ ಇರಬೇಕು. ಬದಲಾಯಿಸಬೇಕು ಎನ್ನಿಸಿದರೆ ಓಟು ಪಡೆದು ಬಂದವರು, ಸದನದಲ್ಲಿ, ಎಲ್ಲರ ಕಣ್ಣೆದುರು ಬದಲಾಯಿಸಲಿ. ಸಾಲ ಕೊಡುವ ಬ್ಯಾಂಕು, ಕಾರ್ಖಾನೆ ಹಾಕುವವ, ಜಮೀನು ಕೊಳ್ಳುವವ, ಎಲ್ಲರೂ ನಿಂತಿರುವುದು ಆ ಬರೆದ ಮಾತಿನ ಮೇಲೆ. ನಿಮ್ಮ ಅನುಭವ ಏನು? ಬರೆಯಿರಿ.

ಲೆಕ್ಕಪತ್ರ:
ಸರ್, ನೀವು ಕೋರ್ಟಿನ ಕಡೆಯಿಂದ ಹೇಳಿದಿರಿ, ನಾನು ತೆರಿಗೆಯ ಕಡೆಯಿಂದ ಹೇಳುತ್ತೇನೆ. ಅಲ್ಲಿ ಮಾತು ತಪ್ಪಿದ್ದು ಕೋರ್ಟಲ್ಲ, ಸರ್ಕಾರ.

ವೊಡಾಫೋನ್ ಪ್ರಕರಣ ನಡೆಯುವಾಗ ನಾನಿನ್ನೂ ಸಿಎ ಆರ್ಟಿಕಲ್‌ಶಿಪ್‌ನಲ್ಲಿದ್ದೆ. 2007ರಲ್ಲಿ ಹಚಿಸನ್‌ನವರು ಭಾರತದ ಮೊಬೈಲ್ ವ್ಯವಹಾರವನ್ನು ವೊಡಾಫೋನ್‌ನವರಿಗೆ ಸುಮಾರು 1,100 ಕೋಟಿ ಡಾಲರ್‌ಗೆ ಮಾರಿದರು. ಕೈ ಬದಲಾದದ್ದು ಕೇಮನ್ ದ್ವೀಪದ ಕಂಪನಿಯ ಷೇರು. ಮಾರಿದವರೂ ಹೊರಗಿನವರು, ಕೊಂಡವರೂ ಹೊರಗಿನವರು. ನಮ್ಮ ಆದಾಯ ತೆರಿಗೆ ಇಲಾಖೆ ಕೊಂಡವರ ಮೇಲೆ ಬಿತ್ತು. 2010ರಲ್ಲಿ ಬಾಂಬೆ ಹೈಕೋರ್ಟ್ ಇಲಾಖೆಯ ಪರ ನಿಂತಿತು. 2012ರ ಜನವರಿ 20ರಂದು ಮುಖ್ಯ ನ್ಯಾಯಮೂರ್ತಿ ಎಸ್.ಎಚ್. ಕಪಾಡಿಯಾ ಅವರ ಪೀಠ, ಕಾಯ್ದೆಯಲ್ಲಿ ಇಂಥ ಪರೋಕ್ಷ ಮಾರಾಟಕ್ಕೆ ತೆರಿಗೆ ಹಾಕುವ ಮಾತೇ ಇಲ್ಲ ಎಂದು ಬೇಡಿಕೆಯನ್ನು ರದ್ದು ಮಾಡಿತು. ನೀವು ಕೇಳುವ ರೀತಿಯ ತೀರ್ಪೇ ಅದು, ಬರೆದದ್ದನ್ನು ಬರೆದಂತೆ ಓದಿದ ತೀರ್ಪು.

ಎರಡು ತಿಂಗಳೊಳಗೆ ಬಜೆಟ್ ಬಂತು. ಆದಾಯ ತೆರಿಗೆ ಕಾಯ್ದೆಯ 9ನೇ ಕಲಮಿಗೆ ಒಂದು ‘ವಿವರಣೆ’ ಸೇರಿಸಿದರು, ಜಾರಿಯ ದಿನಾಂಕ 1962ರ ಏಪ್ರಿಲ್ 1. ಹಣಕಾಸು ಮಸೂದೆಯ ಆ ಪುಟ ಓದಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನಮ್ಮ ಆಡಿಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಐವತ್ತು ವರ್ಷ ಹಿಂದಕ್ಕೆ ಹೋಗಿದಾರಲ್ಲಪ್ಪ” ಎಂದರು. ಮುಂದಕ್ಕೆ ತೆರಿಗೆ ಹಾಕಿ, ಯಾರೂ ಬೇಡವೆನ್ನುವುದಿಲ್ಲ. ಮುಗಿದ ವ್ಯವಹಾರಕ್ಕೆ ಹೊಸ ನಿಯಮ ತರುವುದು ಯಾವ ನ್ಯಾಯ?

ಕೊನೆಗೆ ಏನಾಯಿತು? 2020ರ ಸೆಪ್ಟೆಂಬರ್‌ನಲ್ಲಿ ಅಂತರರಾಷ್ಟ್ರೀಯ ಮಧ್ಯಸ್ಥಿಕೆಯಲ್ಲಿ ವೊಡಾಫೋನ್ ಗೆದ್ದಿತು. ಡಿಸೆಂಬರ್‌ನಲ್ಲಿ, ಇದೇ ತಿದ್ದುಪಡಿಗೆ ಸಿಕ್ಕಿದ್ದ ಕೇರ್ನ್ ಕಂಪನಿಗೆ ಭಾರತ 120 ಕೋಟಿ ಡಾಲರ್ ಕೊಡಬೇಕೆಂಬ ತೀರ್ಪು ಬಂತು. 2021ರ ಆಗಸ್ಟ್‌ನಲ್ಲಿ ಸಂಸತ್ತೇ ತಿದ್ದುಪಡಿ ತಂದು, 2012ರ ಮೇ 28ಕ್ಕೆ ಮುಂಚಿನ ವ್ಯವಹಾರಗಳ ಮೇಲಿನ ಈ ಬೇಡಿಕೆಗಳನ್ನು ಕೈಬಿಟ್ಟಿತು. ಕಟ್ಟಿಸಿಕೊಂಡ ಹಣವನ್ನು ಬಡ್ಡಿ ಇಲ್ಲದೆ ಹಿಂತಿರುಗಿಸಿದರು. ಒಂಬತ್ತು ವರ್ಷ ಹಿಡಿದ ಹಟ, ಬಂದ ಲಾಭ ಸೊನ್ನೆ. ಬಂಡವಾಳ ಹಾಕಲು ಬಂದವರ ಮುಂದೆ ಹೋಗಿದ್ದ ಮರ್ಯಾದೆಗೆ ಲೆಕ್ಕವೇ ಇಲ್ಲ.

ಹಳೇಪುಟ:
ಇಬ್ಬರೂ ಚೆನ್ನಾಗಿ ಬರೆದಿದ್ದೀರಿ. ಆದರೆ ನನಗೆ ಒಪ್ಪಿಗೆಯಿಲ್ಲ, ಏಕೆ ಎಂದು ಹೇಳುತ್ತೇನೆ.

ನಮ್ಮ ಅಜ್ಜ ಗೇಣಿದಾರರು. ಅವರ ಅಪ್ಪನೂ ಗೇಣಿದಾರರು. ಉತ್ತದ್ದು ಇವರು, ಬಿತ್ತಿದ್ದು ಇವರು, ಸುಗ್ಗಿಯಲ್ಲಿ ಅಕ್ಕಿ ಮೂಟೆ ಹೋಗುತ್ತಿದ್ದುದು ಧಣಿಗಳ ಅಂಗಳಕ್ಕೆ. ದೇವರಾಜ ಅರಸರ ಸರ್ಕಾರದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದು, ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿ, ಉಳುವವನೇ ಹೊಲದೊಡೆಯ ಆದ. ಅಜ್ಜ ಓದಿದವರಲ್ಲ. ಶಾಲೆ ಮಾಸ್ತರರ ಕೈಯಲ್ಲಿ ಒಡೆತನ ಕೋರುವ ಅರ್ಜಿ, ನಮೂನೆ 7, ಬರೆಸಿ ಹೆಬ್ಬೆಟ್ಟು ಒತ್ತಿದರು. ಭೂನ್ಯಾಯಮಂಡಳಿ ಎದುರು ಆಗ ವಕೀಲರಿಗೆ ಪ್ರವೇಶ ಇರಲಿಲ್ಲ. ಇದ್ದಿದ್ದರೆ ಧಣಿಗಳು ಊರಿನ ದೊಡ್ಡ ವಕೀಲರನ್ನೇ ತರುತ್ತಿದ್ದರು, ಅಜ್ಜನ ಕಡೆ ಯಾರೂ ಇರುತ್ತಿರಲಿಲ್ಲ. ಸಿಕ್ಕ ನಮೂನೆ 10ರ ಒಡೆತನದ ಪ್ರಮಾಣಪತ್ರವನ್ನು ಅಜ್ಜಿ ದೇವರ ಕೋಣೆಯಲ್ಲಿ, ತಾಮ್ರದ ತಂಬಿಗೆಯ ಹಿಂದೆ ಇಡುತ್ತಿದ್ದರು. ಈಗ ನನ್ನ ಬಳಿ ಇದೆ. ಮಡಿಕೆಯ ಗೆರೆಯಲ್ಲಿ ಹರಿದಿದೆ.

ನಿಮ್ಮ ‘ಬರೆದಂತೆ ಓದು’ ನಿಯಮ 1950ರಲ್ಲಿ ಗಟ್ಟಿಯಾಗಿ ನಿಂತಿದ್ದರೆ ಇದು ಆಗುತ್ತಿತ್ತೇ? ಆಗಿನ ಸಂವಿಧಾನದ 19(1)(ಎಫ್) ಮತ್ತು 31ನೇ ವಿಧಿಗಳಲ್ಲಿ ಆಸ್ತಿ ಮೂಲಭೂತ ಹಕ್ಕಾಗಿತ್ತು. ಜಮೀನ್ದಾರಿ ರದ್ದತಿ ಕಾನೂನುಗಳು ಕೋರ್ಟಿನಲ್ಲಿ ಎಡವತೊಡಗಿದ್ದಕ್ಕೇ 1951ರ ಮೊದಲ ತಿದ್ದುಪಡಿ ಬಂತು, ಮೂಲಭೂತ ಹಕ್ಕಿಗೆ ವಿರುದ್ಧವೆಂದು ಕೋರ್ಟು ರದ್ದು ಮಾಡದಂತೆ ಕಾನೂನುಗಳನ್ನು ಸೇರಿಸಿಡುವ 9ನೇ ಅನುಸೂಚಿ ಬಂತು. 13 ಕಾನೂನುಗಳಿಂದ ಶುರುವಾದ ಪಟ್ಟಿ 284ಕ್ಕೆ ಏರಿತು ನಿಜ, ಅದರ ದುರುಪಯೋಗವನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಅಕ್ಷರವನ್ನು ಕಾಯುವವರು ಯಾವಾಗಲೂ ಕಾದದ್ದು ಯಾರ ಅಂಗಳವನ್ನು ಎಂದು ಒಮ್ಮೆ ಯೋಚಿಸಿ.

ಅಕ್ಷರಬದ್ಧ:
ಹಳೇಪುಟ ಅವರೇ, ನಿಮ್ಮ ಅಜ್ಜನ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆ ಕಾಗದವನ್ನು ಲ್ಯಾಮಿನೇಟ್ ಮಾತ್ರ ಮಾಡಿಸಬೇಡಿ, ಹಳೆಯ ಕಾಗದ ಹಾಳಾಗುತ್ತದೆ. ದೃಢೀಕೃತ ನಕಲು ತೆಗೆಸಿಡಿ.

ಆದರೆ ಗಮನಿಸಿ, ಅಜ್ಜನಿಗೆ ಜಮೀನು ಕೊಟ್ಟದ್ದು ಶಾಸನಸಭೆ. ಚರ್ಚೆ ಮಾಡಿ, ಮತ ಹಾಕಿ, ದಿನಾಂಕ ಬರೆದು, ನಮೂನೆಯ ಸಂಖ್ಯೆ ಸಮೇತ ಹೇಳಿ ಕೊಟ್ಟಿತು. ಸಂವಿಧಾನ ಅಡ್ಡ ಬಂದಾಗ ಸಂಸತ್ತು ಸಂವಿಧಾನವನ್ನೇ ತಿದ್ದಿತು. ಅದು ಸರಿಯೋ ತಪ್ಪೋ, ಬಾಗಿಲು ಅದೇ. ನನ್ನ ತಕರಾರು ಗೋಡೆ ಒಡೆದು ಬರುವವರ ಮೇಲೆ.

ನಮ್ಮ ರಾಜ್ಯದ್ದೇ ಉದಾಹರಣೆ ಕೊಡುತ್ತೇನೆ. 1976ರಲ್ಲಿ ಕರ್ನಾಟಕ ಸರ್ಕಾರ ಖಾಸಗಿ ಗುತ್ತಿಗೆ ಬಸ್ಸುಗಳನ್ನು ವಶಪಡಿಸಿಕೊಳ್ಳುವ ಕಾಯ್ದೆ ಮಾಡಿತು. ಹೈಕೋರ್ಟ್ ಅದನ್ನು ರದ್ದು ಮಾಡಿತು. 1977ರಲ್ಲಿ ರಂಗನಾಥ ರೆಡ್ಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳು ಕಾಯ್ದೆ ಊರ್ಜಿತ ಎಂದರು. ತೀರ್ಪು ಎರಡಾಗಿ ಬಂತು. ಮೂವರ ಪರವಾಗಿ ಬರೆದ ನ್ಯಾ. ಕೃಷ್ಣ ಅಯ್ಯರ್, ಸಂಪನ್ಮೂಲ ಎಲ್ಲರ ಹಿತಕ್ಕೆ ಹಂಚಿಕೆಯಾಗಲಿ ಎನ್ನುವ ಸಂವಿಧಾನದ 39(ಬಿ) ವಿಧಿಯ ‘ಸಮುದಾಯದ ಭೌತಿಕ ಸಂಪನ್ಮೂಲ’ ಎಂಬುದರಲ್ಲಿ ಖಾಸಗಿಯವರ ಆಸ್ತಿಯೂ ಸೇರುತ್ತದೆ ಎಂದರು. ಉಳಿದ ನಾಲ್ವರು, ಆ ಮಾತಿಗೆ ನಮ್ಮ ಒಪ್ಪಿಗೆ ಇದೆ ಎಂದು ತಿಳಿಯಬೇಡಿ ಎಂದು ಸ್ಪಷ್ಟವಾಗಿ ಬರೆದರು. ನಾಲ್ವರ ಮಾತು ಮೇಲೋ ಮೂವರ ಮಾತು ಮೇಲೋ? ಆದರೂ ಕೋಕಿಂಗ್ ಕಲ್ಲಿದ್ದಲು ರಾಷ್ಟ್ರೀಕರಣದ ಸಂಜೀವ್ ಕೋಕ್ ಪ್ರಕರಣದಲ್ಲಿ ಐವರ ಪೀಠ ಹಿಡಿದದ್ದು ಅಲ್ಪಮತದ ಮಾತನ್ನು. ಅಲ್ಲಿಂದ ಮುಂದೆ ಅದೇ ಕಾನೂನಾಗಿ ನಡೆಯಿತು.

ಅದನ್ನು ಸರಿಪಡಿಸಲು 2024ರ ನವೆಂಬರ್ 5 ಬರಬೇಕಾಯಿತು. ಮುಂಬೈನ ಹಳೆ ಕಟ್ಟಡಗಳ ಮಾಲೀಕರ ಅರ್ಜಿ 1992ರಿಂದ ಬಾಕಿ ಇತ್ತು. ಎಲ್ಲ ಖಾಸಗಿ ಆಸ್ತಿಯೂ ಸಮುದಾಯದ ಸಂಪನ್ಮೂಲವಲ್ಲ ಎಂದು ಒಂಬತ್ತು ಮಂದಿಯ ಪೀಠ ಬಹುಮತದಿಂದ ಹೇಳಿತು. ‘ಸಮುದಾಯದ’ ಎಂಬ ಪದಕ್ಕೆ ಏನಾದರೂ ಅರ್ಥ ಇರಲೇಬೇಕಲ್ಲವೇ? ಎಲ್ಲವೂ ಸೇರುವುದಾದರೆ ಆ ಪದ ಬರೆದದ್ದು ಯಾತಕ್ಕೆ? ನ್ಯಾ. ಸುಧಾಂಶು ಧೂಲಿಯಾ ಭಿನ್ನಮತ ಬರೆದರು. ನಮ್ಮ ರಾಜ್ಯದವರೇ ಆದ ನ್ಯಾ. ಬಿ.ವಿ. ನಾಗರತ್ನ ಭಾಗಶಃ ಒಪ್ಪಿದರು, ಆದರೆ ಹಿಂದಿನ ನ್ಯಾಯಮೂರ್ತಿಗಳ ಬಗ್ಗೆ ತೀರ್ಪಿನಲ್ಲಿ ಬಂದ ಟೀಕೆ ಸರಿಯಲ್ಲ ಎಂದರು. ಆ ಮಾತು ನನಗೂ ಹಿಡಿಸಿತು. ಕೃಷ್ಣ ಅಯ್ಯರ್ ಅವರ ಕಾಳಜಿಯ ಬಗ್ಗೆ ನನಗೆ ಗೌರವವಿದೆ, ಜೈಲುಗಳಲ್ಲಿದ್ದವರ ಪರವಾಗಿ ಅವರು ಬರೆದದ್ದನ್ನು ಇಂದಿಗೂ ಓದುತ್ತೇನೆ. ಕಾಳಜಿ ಬೇರೆ, ಅಧಿಕಾರ ಬೇರೆ.

ಅಂದಹಾಗೆ, ಆ ಬಸ್ಸು ಕಾಯ್ದೆಯನ್ನು 2003ರಲ್ಲಿ ನಮ್ಮ ಶಾಸಕಾಂಗವೇ ರದ್ದುಪಡಿಸಿತು. ಬಾಗಿಲು ಎಂದೆನಲ್ಲ, ಅದು ಇದೇ.

ಗಣಿನಾಡು:
ಸಂಡೂರು ಕಡೆಯವನು ನಾನು. ಬಾಗಿಲು, ಗೋಡೆ ಎಂದೆಲ್ಲ ಕೇಳೋಕೆ ಚೆಂದ. ಬಾಗಿಲು ಕಾಯುವವನೇ ಕಳ್ಳರ ಜೊತೆ ಸೇರಿದರೆ ಏನು ಮಾಡ್ತೀರಿ?

2008, 2009ರಲ್ಲಿ ನಮ್ಮೂರ ರಸ್ತೆ ನೋಡಿದ್ದರೆ ನಿಮಗೆ ಗೊತ್ತಾಗ್ತಿತ್ತು. ಹಗಲು ರಾತ್ರಿ ಅದಿರು ಲಾರಿ. ರಸ್ತೆ ದಾಟೋಕೆ ಅರ್ಧ ಗಂಟೆ ಕಾಯಬೇಕು. ಬೇವಿನ ಎಲೆ ಕೆಂಪು, ಒಣಗಿಸಿದ ಬಟ್ಟೆ ಕೆಂಪು, ಮಜ್ಜಿಗೆ ಮೇಲೆ ಕೆಂಪು ಪದರ. ಕಾನೂನು ಇರಲಿಲ್ಲವೇ? 1957ರ ಗಣಿ ಕಾಯ್ದೆ ಇತ್ತು, 1980ರ ಅರಣ್ಯ ಕಾಯ್ದೆ ಇತ್ತು. ಎಲ್ಲ ಅಕ್ಷರ ಅಲ್ಲೇ ಇತ್ತು. ಗುಡ್ಡ ಮಾತ್ರ ಕರಗ್ತಾ ಇತ್ತು.

ಸಮಾಜ ಪರಿವರ್ತನ ಸಮುದಾಯದವರು ಸುಪ್ರೀಂ ಕೋರ್ಟಿಗೆ ಹೋದರು. ಲೋಕಾಯುಕ್ತ ನ್ಯಾ. ಸಂತೋಷ್ ಹೆಗ್ಡೆಯವರ ವರದಿ ಬಂತು. 2011ರ ಜುಲೈ 29ರಂದು ಬಳ್ಳಾರಿಯಲ್ಲಿ ಗಣಿಗಾರಿಕೆ ನಿಂತಿತು, ಆಗಸ್ಟ್‌ನಲ್ಲಿ ಚಿತ್ರದುರ್ಗ, ತುಮಕೂರಿನಲ್ಲೂ ನಿಂತಿತು. ನನ್ನ ತಮ್ಮನ ಲಾರಿ ಮನೆ ಮುಂದೆ ನಿಂತದ್ದು ಎರಡು ವರ್ಷ. ಟೈರು ಸೀಳಿ ಹೋದವು, ಫೈನಾನ್ಸಿನವರು ಬಂದು ಎಳೆದುಕೊಂಡು ಹೋದರು. ಆ ನೋವು ನಮ್ಮ ಮನೇಲಿ ಉಂಡಿದೀವಿ. ಆದರೂ ಹೇಳ್ತೀನಿ, ಅವತ್ತು ಕೋರ್ಟು ಕೈ ಹಾಕದಿದ್ದರೆ ಗುಡ್ಡ ಉಳೀತಿರಲಿಲ್ಲ.

ಅಕ್ಷರಬದ್ಧ:
ಗಣಿನಾಡು ಅವರೇ, ನಿಮ್ಮ ತಮ್ಮನ ಲಾರಿಯ ವಿಷಯ ಓದಿ ಸಂಕಟವಾಯಿತು. ನೀವೇ ಹೇಳಿದಿರಿ, ಕಾನೂನು ಇತ್ತು, ಜಾರಿ ಇರಲಿಲ್ಲ. ಇದ್ದ ಕಾನೂನನ್ನು ಜಾರಿ ಮಾಡಿಸುವುದು ಕೋರ್ಟಿನ ಕೆಲಸವೇ, ಅದರಲ್ಲಿ ನನಗೆ ಎರಡು ಮಾತಿಲ್ಲ. ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, 2013ರಲ್ಲಿ ಅತಿ ಹೆಚ್ಚು ಅಕ್ರಮ ನಡೆಸಿದ ಸಿ ವರ್ಗದ ಗುತ್ತಿಗೆ ರದ್ದು ಮಾಡಿದರು. ತಪ್ಪಿನ ಅಳತೆಗೆ ತಕ್ಕ ಶಿಕ್ಷೆ ಎಂಬುದು ಅಲ್ಲಿತ್ತು. ನೆಟ್ಟಗೆ ನಡೆದ ಎ ವರ್ಗದವರೂ ಅಷ್ಟು ಕಾಲ ಬಾಗಿಲು ಹಾಕಿಕೊಂಡು ಕೂರಬೇಕಾಯಿತಲ್ಲ ಎಂಬುದಷ್ಟೇ ನನಗೆ ಚುಚ್ಚುತ್ತದೆ. ನಿಮ್ಮ ತಮ್ಮನಂಥವರ ಹೆಸರು ಯಾವ ವರ್ಗದಲ್ಲೂ ಇರಲಿಲ್ಲ, ಪೆಟ್ಟು ಮಾತ್ರ ಬಿತ್ತು.

ಕಿರಿಯ ವಕೀಲೆ:
ಸರ್, ನಾನು ಹೈಕೋರ್ಟಿನಲ್ಲಿ ಅಭ್ಯಾಸ ಶುರು ಮಾಡಿ ನಾಲ್ಕು ವರ್ಷವಾಯಿತು. ಗೌರವದಿಂದಲೇ ಎರಡು ಮಾತು.

ಒಂದು, ‘ಅಥವಾ’ ವಿಷಯ. ಎರಡು ನಿಷೇಧಾರ್ಥಗಳ ನಡುವೆ ಬರುವ ‘ಅಥವಾ’ಗೆ ಎರಡೂ ಇಲ್ಲ ಎಂಬ ಅರ್ಥ ಬರುವುದು ವ್ಯಾಖ್ಯಾನದ ಹಳೆಯ ನಿಯಮ. ‘ಉಂಡಿಲ್ಲ ಅಥವಾ ಮಲಗಿಲ್ಲ’ ಎಂದರೆ ನಾವು ಸಾಮಾನ್ಯವಾಗಿ ಎರಡೂ ಆಗಿಲ್ಲ ಎಂದೇ ತಿಳಿಯುತ್ತೇವೆ. 2020ರ ಪೀಠ ಶೂನ್ಯದಿಂದ ಏನನ್ನೂ ತರಲಿಲ್ಲ. ಪದಕ್ಕೆ ಪದ ಹಿಡಿಯುವುದೇ ಅಕ್ಷರನಿಷ್ಠೆ ಅಲ್ಲ, ವಾಕ್ಯವನ್ನು ಇಡಿಯಾಗಿ ಓದುವುದೂ ಅಕ್ಷರನಿಷ್ಠೆಯೇ.

ಎರಡು, ಸಂಪೂರ್ಣ ನ್ಯಾಯಕ್ಕೆ ಅಗತ್ಯವಾದ ಆದೇಶ ಕೊಡುವ ಅಧಿಕಾರವನ್ನು ಸುಪ್ರೀಂ ಕೋರ್ಟಿಗೆ ಕೊಡುವ 142ನೇ ವಿಧಿ. ಬೆಂಗಳೂರು-ಮೈಸೂರು ಮೂಲಸೌಕರ್ಯ ಕಾರಿಡಾರ್‌ಗೆ 2003ರಲ್ಲಿ ಭೂಸ್ವಾಧೀನದ ಅಧಿಸೂಚನೆಯಾಯಿತು, 2005ರಲ್ಲಿ ಸ್ವಾಧೀನವೂ ಆಯಿತು. ಪರಿಹಾರದ ಐತೀರ್ಪು ಮಾತ್ರ ಇಲ್ಲ. ನ್ಯಾಯಾಂಗ ನಿಂದನೆ ಅರ್ಜಿ ಹಾಕಿದ ಮೇಲೆ 2019ರ ಏಪ್ರಿಲ್ 22ರಂದು ಐತೀರ್ಪು ಬಂತು, ಅದೂ 2011ರ ಮಾರ್ಗಸೂಚಿ ಬೆಲೆಯಲ್ಲಿ. 2025ರ ಜನವರಿ 2ರಂದು ನ್ಯಾ. ಬಿ.ಆರ್. ಗವಾಯಿ ಮತ್ತು ನ್ಯಾ. ಕೆ.ವಿ. ವಿಶ್ವನಾಥನ್ ಅವರ ಪೀಠ 142ನೇ ವಿಧಿಯ ಅಧಿಕಾರ ಬಳಸಿ, ಬೆಲೆಯನ್ನು 2019ರ ಏಪ್ರಿಲ್ 22ರ ಮಾರುಕಟ್ಟೆ ದರದಲ್ಲಿ ಲೆಕ್ಕ ಹಾಕಿ ಎಂದಿತು. ನಿಮ್ಮ ಅಕ್ಷರಬದ್ಧತೆಯ ಪ್ರಕಾರ ಬೆಲೆ ನಿಲ್ಲುವುದು ಮೊದಲ ಅಧಿಸೂಚನೆಯ ದಿನಕ್ಕೆ, ಅಂದರೆ 2003ಕ್ಕೆ. ಆಸ್ತಿ ಹಕ್ಕಿನ ಪರ ಮಾತಾಡುವ ನೀವು ಈ ತೀರ್ಪನ್ನು ಬೇಡ ಎನ್ನುತ್ತೀರಾ?

ಅಕ್ಷರಬದ್ಧ:
ಮೇಡಂ, ಮೊದಲ ಮಾತಿನಲ್ಲಿ ಹುರುಳಿದೆ, ಒಪ್ಪುತ್ತೇನೆ. ‘ಅಥವಾ’ ಬಗ್ಗೆ ನಾನು ಬರೆದದ್ದು ಸ್ವಲ್ಪ ಬಿಗಿಯಾಯಿತು. ಆದರೂ 2014ರಲ್ಲಿ ಮೂವರು ನ್ಯಾಯಮೂರ್ತಿಗಳಿಗೆ ಹಾಗೆ ಕಾಣದ್ದು, ಆರು ವರ್ಷ ದೇಶದ ಹೈಕೋರ್ಟುಗಳು ಅದರಂತೆ ಸಾಲು ಸಾಲು ಆದೇಶ ಕೊಟ್ಟದ್ದು, ಅದನ್ನು ನಂಬಿ ಬಂದವರು ಕೈಚೆಲ್ಲಿ ಹೋದದ್ದು ನಿಜ. ನನ್ನ ಹನ್ನೊಂದು ಕಕ್ಷಿದಾರರಿಗೆ ವ್ಯಾಕರಣದ ನಿಯಮ ಹೇಳಿ ಸಮಾಧಾನ ಮಾಡಲು ನನಗಾಗಲಿಲ್ಲ.

ಎರಡನೆಯದು. ಆ ತೀರ್ಪನ್ನು ಇನ್ನೊಮ್ಮೆ ಓದಿ. ಭೂಸ್ವಾಧೀನವನ್ನೇ ರದ್ದು ಮಾಡಿ 2013ರ ಕಾಯ್ದೆಯಡಿ ಹೊಸದಾಗಿ ಮಾಡಿ ಎಂದರೆ ಸರ್ಕಾರದ ಬೊಕ್ಕಸಕ್ಕೆ ಭಾರಿ ಹೊರೆಯಾಗುತ್ತದೆ ಎಂದು ಪೀಠವೇ ಹೇಳಿದೆ. ಅಂದರೆ ಆಸ್ತಿ ಹಕ್ಕಿನ 300ಎ ವಿಧಿಯನ್ನು ಬರೆದಂತೆಯೇ ಓದಿ, ಕಾನೂನಿನ ಬಲವಿಲ್ಲದೆ ಕಿತ್ತುಕೊಂಡದ್ದು ಅಸಿಂಧು ಎಂದಿದ್ದರೆ ಭೂಮಾಲೀಕರಿಗೆ ಸಿಗುತ್ತಿದ್ದುದು ಹೆಚ್ಚೇ. 142ರ ನಡುದಾರಿ ಅವರಿಗೆ ನೆರಳು ಕೊಟ್ಟಿತು, ಸರ್ಕಾರಕ್ಕೂ ಕೊಟ್ಟಿತು. ರಸ್ತೆ ಈಗಾಗಲೇ ಆಗಿರುವಾಗ ಬೇರೆ ದಾರಿ ಏನಿತ್ತು ಎಂದು ನೀವು ಕೇಳಿದರೆ ನನ್ನಲ್ಲಿ ಸಲೀಸಾದ ಉತ್ತರವಿಲ್ಲ. ಆ ಪೀಠದಲ್ಲಿ ನಾನಿದ್ದಿದ್ದರೂ ಬಹುಶಃ ಹಾಗೆಯೇ ಬರೆಯುತ್ತಿದ್ದೆ, ರಾತ್ರಿ ನಿದ್ದೆ ಮಾತ್ರ ಬರುತ್ತಿರಲಿಲ್ಲ.

142ರ ಭಯ ನನಗಿರುವುದು ಬೇರೆ ಕಡೆ. ರಾಜ್ಯಪಾಲರಿಗೆ ಮಸೂದೆಗಳ ಬಗ್ಗೆ 200ನೇ ವಿಧಿಯಲ್ಲಿ ‘ಆದಷ್ಟು ಬೇಗ’ ಎಂದಿದೆ. 2025ರ ಏಪ್ರಿಲ್ 8ರಂದು ತಮಿಳುನಾಡು ಪ್ರಕರಣದಲ್ಲಿ ಇಬ್ಬರ ಪೀಠ ಅದಕ್ಕೆ ತಿಂಗಳುಗಳ ಗಡುವು ಬರೆದು, ಬಾಕಿ ಮಸೂದೆಗಳಿಗೆ ಅಂಕಿತ ಬಿದ್ದಂತೆಯೇ ಎಂದಿತು. ನವೆಂಬರ್ 20ರಂದು ಐವರ ಪೀಠ, ಕೋರ್ಟು ಹಾಗೆ ಗಡುವು ಹಾಕುವಂತಿಲ್ಲ, ಅಂಕಿತ ಬಿದ್ದಂತೆ ಎಂದು ಭಾವಿಸುವುದೂ ಸಲ್ಲ ಎಂದು ರಾಷ್ಟ್ರಪತಿಗಳಿಗೆ ಅಭಿಪ್ರಾಯ ಕೊಟ್ಟಿತು. ಏಳೂವರೆ ತಿಂಗಳಲ್ಲಿ ಸಂವಿಧಾನ ಎರಡು ಸಲ ಹೊರಳಿತು. ಮಸೂದೆಗಳನ್ನು ವರ್ಷಗಟ್ಟಲೆ ಇಟ್ಟುಕೊಂಡು ಕೂರುವ ರಾಜ್ಯಪಾಲರನ್ನು ನಾನು ಸಮರ್ಥಿಸುತ್ತಿಲ್ಲ. ‘ಆದಷ್ಟು ಬೇಗ’ ಎಂಬುದೂ ಬರೆದ ಮಾತೇ, ಅವರೂ ಅದಕ್ಕೆ ಕಟ್ಟುಬಿದ್ದವರೇ.

ಲೆಕ್ಕಪತ್ರ:
ಒಂದು ತಿದ್ದುಪಡಿ ಮಾಡಿಕೊಳ್ಳಬೇಕು. ತೆರಿಗೆಯಲ್ಲಿ ಮಾತು ತಪ್ಪಿದ್ದು ಸರ್ಕಾರ ಮಾತ್ರ ಎಂದು ಬರೆದಿದ್ದೆ. ಗಣಿನಾಡು ಅಣ್ಣನ ಮಾತು ಓದಿದ ಮೇಲೆ ರಾಯಧನದ (ತೆಗೆದ ಖನಿಜಕ್ಕೆ ಗಣಿಯವರು ಕೊಡುವ ರಾಯಲ್ಟಿ) ತೀರ್ಪು ನೆನಪಾಯಿತು.

ರಾಯಧನವೂ ಒಂದು ತೆರಿಗೆ, ಅದರ ಮೇಲೆ ರಾಜ್ಯಗಳು ಸೆಸ್ ಹಾಕುವಂತಿಲ್ಲ ಎಂದು 1989ರಲ್ಲಿ ಏಳು ಮಂದಿಯ ಪೀಠ ಹೇಳಿತ್ತು. 2024ರ ಜುಲೈ 25ರಂದು ಒಂಬತ್ತು ಮಂದಿಯ ಪೀಠ 8:1ರಿಂದ ಅದನ್ನು ತೆಗೆದುಹಾಕಿತು. ರಾಯಧನ ತೆರಿಗೆಯಲ್ಲ, ಖನಿಜದ ಹಕ್ಕಿನ ಮೇಲೆ ರಾಜ್ಯಗಳು ತೆರಿಗೆ ಹಾಕಬಹುದು. ಭಿನ್ನಮತ ಬರೆದವರು ನ್ಯಾ. ನಾಗರತ್ನ. ರಾಜ್ಯಗಳ ಅಧಿಕಾರದ ದೃಷ್ಟಿಯಿಂದ ತೀರ್ಪು ನನಗೆ ಇಷ್ಟವಾಯಿತು. ಆದರೆ ಆಗಸ್ಟ್ 14ರಂದು ಇನ್ನೊಂದು ಆದೇಶ: ರಾಜ್ಯಗಳು 2005ರ ಏಪ್ರಿಲ್ 1ರಿಂದ ಈಚಿನ ಬಾಕಿ ಕೇಳಬಹುದು. 2026ರ ಏಪ್ರಿಲ್ 1ರಿಂದ 12 ವರ್ಷ ಕಂತು. 2024ರ ಜುಲೈ 25ಕ್ಕೆ ಮುಂಚಿನ ಅವಧಿಯ ಬೇಡಿಕೆಗಳ ಮೇಲೆ ಬಡ್ಡಿ, ದಂಡ ಮನ್ನಾ. ಕಂತು ಕೊಟ್ಟದ್ದು ದಯೆಯೇ, ಇಲ್ಲವೆನ್ನುವುದಿಲ್ಲ. ಆದರೆ ಸುಪ್ರೀಂ ಕೋರ್ಟೇ ಕೊಟ್ಟಿದ್ದ ತೀರ್ಪನ್ನು ನಂಬಿ ಲೆಕ್ಕ ಬರೆದ ಕಂಪನಿ ಈಗ ಹತ್ತೊಂಬತ್ತು ವರ್ಷದ ಹಳೆ ಪುಸ್ತಕ ತೆರೆಯಬೇಕು. 2012ರಲ್ಲಿ ಹಣಕಾಸು ಸಚಿವರಿಗೆ ನಾವು ಬೈದದ್ದು ಇದಕ್ಕೇ ಅಲ್ಲವೇ?

ಇನ್ನೊಂದು. ದಿವಾಳಿ ಸಂಹಿತೆಯಡಿ ಜೆಎಸ್‌ಡಬ್ಲ್ಯು ಕಂಪನಿ ಭೂಷಣ್ ಪವರ್ ಅಂಡ್ ಸ್ಟೀಲನ್ನು 2021ರಲ್ಲಿ ತೆಗೆದುಕೊಂಡು ನಡೆಸುತ್ತಿತ್ತು. 2025ರ ಮೇ 2ರಂದು ಸುಪ್ರೀಂ ಕೋರ್ಟ್ ಜೆಎಸ್‌ಡಬ್ಲ್ಯುವಿನ ಪುನಶ್ಚೇತನ ಯೋಜನೆಯನ್ನೇ ತಳ್ಳಿಹಾಕಿ ಭೂಷಣ್ ಕಂಪನಿಯನ್ನು ಸಮಾಪನೆ ಮಾಡಿ, ಅಂದರೆ ಮುಚ್ಚಿ ಆಸ್ತಿ ಮಾರಿ ಎಂದಿತು. ಜುಲೈ 31ರಂದು ಆ ತೀರ್ಪನ್ನು ಹಿಂತೆಗೆದುಕೊಂಡಿತು. ಸೆಪ್ಟೆಂಬರ್ 26ರಂದು ಯೋಜನೆ ಸರಿ ಎಂದಿತು. ಸುಧಾರಿಸಿಕೊಂಡರಲ್ಲ, ಒಳ್ಳೆಯದೇ. ಆದರೆ ಆ ಮೂರು ತಿಂಗಳು ದಿವಾಳಿ ಪ್ರಕರಣಗಳ ಕೆಲಸ ಮಾಡುವ ನನ್ನ ಸಹೋದ್ಯೋಗಿಗಳಿಗೆ ಬ್ಯಾಂಕಿನವರಿಂದ ಬರುತ್ತಿದ್ದ ಫೋನುಗಳಲ್ಲಿ ಒಂದೇ ಪ್ರಶ್ನೆ: ಮುಗಿದದ್ದು ಯಾವಾಗ ಮುಗಿದಂತೆ?

ಹಳೇಪುಟ:
ಆ ಪ್ರಶ್ನೆ ನನಗೂ ತಾಗಿತು. ಅಜ್ಜನ ನಮೂನೆ 7 ಸಲ್ಲಿಕೆಯಾದದ್ದು 1974ರಲ್ಲಿ. ಮಂಡಳಿ ಕೊಟ್ಟ ಆದೇಶವನ್ನು ಧಣಿಗಳ ಮಗ ಪ್ರಶ್ನಿಸಿ, ಮತ್ತೆ ವಿಚಾರಣೆ, ಮತ್ತೆ ಆದೇಶ ಎಂದು ಎಳೆದಾಡಿ ಪ್ರಮಾಣಪತ್ರ ಕೈಗೆ ಬಂದದ್ದು 1991ರಲ್ಲಿ. ಗೆದ್ದವ ಸೋತ, ಸೋತವ ಸತ್ತ ಅಂತಾರಲ್ಲ, ಹಾಗೆ. ಅಜ್ಜ ಅಷ್ಟರಲ್ಲಿ ತೀರಿಕೊಂಡಿದ್ದರು. ಈ ಮಾತನ್ನು ಮೊದಲ ಸಲ ಬರೆಯುವಾಗ ಬಿಟ್ಟಿದ್ದೆ.

ಹಾಗಾಗಿ ಬರೆದ ಮಾತು ಗಟ್ಟಿಯಾಗಿ ನಿಲ್ಲಬೇಕು ಎಂಬುದನ್ನು ನಾನೂ ಒಪ್ಪುತ್ತೇನೆ, ವಕೀಲರೇ. ಬರೆಯುವ ಕೈ ಯಾರದು ಎಂಬ ಪ್ರಶ್ನೆಯನ್ನು ಮಾತ್ರ ಬಿಡುವುದಿಲ್ಲ. 1978ರ 44ನೇ ತಿದ್ದುಪಡಿಯಲ್ಲಿ ಆಸ್ತಿಯನ್ನು ಮೂಲಭೂತ ಹಕ್ಕಿನಿಂದ ತೆಗೆದು 300ಎಗೆ ತಂದದ್ದು ಚುನಾಯಿತ ಸಂಸತ್ತೇ. ನಿಮ್ಮ ನಿಯಮದಂತೆ ಅದನ್ನೂ ನೀವು ಗೌರವಿಸಬೇಕು.

ಅಕ್ಷರಬದ್ಧ:
ಗೌರವಿಸುತ್ತೇನೆ. ನನಗೆ ಇಷ್ಟವಿಲ್ಲ, ಆದರೂ ಅದು ಕಾನೂನು.

ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರನ್ನು ನೆನೆಯಿರಿ. ಮಠದ ಭೂಮಿಗಾಗಿ ಕೋರ್ಟಿಗೆ ಹೋದರು. 1973ರ ಏಪ್ರಿಲ್ 24ರಂದು 13 ನ್ಯಾಯಮೂರ್ತಿಗಳು 7:6ರಿಂದ ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಅಳಿಸಲಾಗದು ಎಂದರು. ದೇಶಕ್ಕೆ ಸಿದ್ಧಾಂತ ಸಿಕ್ಕಿತು, ಮಠಕ್ಕೆ ಭೂಮಿ ಸಿಗಲಿಲ್ಲ. ‘ಮೂಲ ಸ್ವರೂಪ’ ಎಂಬ ಮಾತು ಸಂವಿಧಾನದಲ್ಲಿ ಎಲ್ಲೂ ಬರೆದಿಲ್ಲ, ನನ್ನಂಥವನಿಗೆ ಅದು ತೊಡಕಿನ ವಿಷಯ. ತುರ್ತುಪರಿಸ್ಥಿತಿಯಲ್ಲಿ ಅದೇ ನಮ್ಮನ್ನು ಕಾಯಿತು ಎಂಬುದೂ ಗೊತ್ತು. ಎರಡನ್ನೂ ಒಟ್ಟಿಗೆ ಹೊತ್ತುಕೊಂಡೇ ಇಷ್ಟು ವರ್ಷ ಕಪ್ಪು ಕೋಟು ಹಾಕಿದ್ದೇನೆ.

ರಾಗಿಹೊಲ:
ನಾನು ವಕೀಲ ಅಲ್ಲ, ಲೆಕ್ಕ ಬರೆಯೋನೂ ಅಲ್ಲ. ಎಲ್ಲಾ ಓದ್ತಾ ಕೂತಿದ್ದೆ. ನಮ್ಮಪ್ಪಂದು ಮೂರು ಎಕರೆ ಇಪ್ಪತ್ತು ಗುಂಟೆ. ಹದಿನಾರು ವರ್ಷದ ಹಿಂದೆ ಒಂದು ಪ್ರಾಧಿಕಾರದವರು ಕೈಗಾರಿಕೆಗೆ ಅಂತ ಪ್ರಾಥಮಿಕ ಅಧಿಸೂಚನೆ ಹೊರಡಿಸಿದರು. ಪಹಣಿ 11ನೇ ಕಾಲಂನಲ್ಲಿ ಅದರ ಒಂದು ಸಾಲು ಬಂದು ಕೂತಿದೆ. ಅಷ್ಟೇ. ಜಮೀನು ತಗೊಳ್ಳಲೂ ಇಲ್ಲ, ಬಿಡಲೂ ಇಲ್ಲ. ಆ ಸಾಲು ಇರೋವರೆಗೆ ಬೆಳೆಸಾಲ ಬಿಟ್ಟು ಬೇರೆ ಸಾಲ ಇಲ್ಲ ಅಂತಾರೆ ಬ್ಯಾಂಕಿನವರು. ತಂಗಿ ಮದುವೆಗೆ ಅರ್ಧ ಎಕರೆ ಮಾರೋಣ ಅಂದರೆ ಕೊಳ್ಳೋರು ಪಹಣಿ ನೋಡಿ ವಾಪಸ್ ಹೋದರು. ಕೊಳವೆಬಾವಿ ಕೊರೆಸೋಕೂ ಅಪ್ಪ ಹೆದರ್ತಾರೆ, “ನಾಳೆ ಬಂದು ತಗೊಂಡ್ರೆ?” ಅಂತ. ಹೊಲದಲ್ಲಿ ರಾಗಿ ಹಾಕ್ತಿದೀವಿ, ಹುಣಸೆ ಗಿಡ ನೆಟ್ಟಿಲ್ಲ. ಹುಣಸೆ ಫಲ ಕೊಡೋಕೆ ವರ್ಷಗಳು ಬೇಕಲ್ಲ.

ನೀವು ಹೇಳೋ ದೊಡ್ಡ ಕೇಸುಗಳಲ್ಲಿ ನಮ್ಮಂಥವರಿಗೆ ಹಿಡಿದುಕೊಳ್ಳೋಕೆ ಏನಾದರೂ ಇದೆಯಾ ಸಾರ್?

ಕಿರಿಯ ವಕೀಲೆ:
ಇದೆ ಅಣ್ಣ. 2024ರ ಮೇ 16ರಂದು ಕೋಲ್ಕತ್ತ ಮಹಾನಗರ ಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 300ಎ ವಿಧಿಯೊಳಗೆ ಏಳು ಹಕ್ಕುಗಳಿವೆ ಎಂದು ಬಿಡಿಸಿ ಹೇಳಿದೆ. ನೋಟಿಸ್ ಕೊಡಬೇಕು, ಆಕ್ಷೇಪಣೆ ಕೇಳಬೇಕು, ಕಾರಣ ಸಹಿತ ತೀರ್ಮಾನ ತಿಳಿಸಬೇಕು, ಸಾರ್ವಜನಿಕ ಉದ್ದೇಶ ಇರಬೇಕು, ನ್ಯಾಯವಾದ ಪರಿಹಾರ ಕೊಡಬೇಕು, ಪ್ರಕ್ರಿಯೆಯನ್ನು ದಕ್ಷವಾಗಿ, ಹೊತ್ತಿಗೆ ಸರಿಯಾಗಿ ನಡೆಸಬೇಕು, ಕೊನೆ ಮುಟ್ಟಿಸಬೇಕು. ನಿಮಗೆ ಬೇಕಾದ್ದು ಕೊನೆಯ ಎರಡು. ಅಪ್ಪನಿಗೆ ನೋಟಿಸ್ ಬಂದಿತ್ತಾ? ಆಕ್ಷೇಪಣೆ ಕೊಟ್ಟಿದ್ದರಾ? ಅಂತಿಮ ಅಧಿಸೂಚನೆ ಆಗಿದೆಯಾ?

ಅಕ್ಷರಬದ್ಧ:
ಮೇಡಂ ಕೇಳಿದ್ದೇ ಸರಿಯಾದ ಪ್ರಶ್ನೆ. ಆ ಏಳು ಹಕ್ಕುಗಳು ಸಾಲಾಗಿ 300ಎಯಲ್ಲಿ ಬರೆದಿಲ್ಲ ಎಂದು ನನ್ನನ್ನು ಹಿಡಿಯುವವರಿಗೆ ಮೊದಲೇ ಹೇಳುತ್ತೇನೆ: ‘ಕಾನೂನಿನ ಅಧಿಕಾರದಿಂದಲ್ಲದೆ’ ಎಂದು ಅಲ್ಲಿ ಬರೆದಿದೆ. ಆ ‘ಕಾನೂನು’ ಎಂದರೆ ಏನು ಎಂಬುದನ್ನೇ ಪೀಠ ಬಿಡಿಸಿದ್ದು.

ರಾಗಿಹೊಲ, ಮಾಹಿತಿ ಹಕ್ಕಿನಲ್ಲಿ ಮೊದಲು ಆ ಕಡತದ ಟಿಪ್ಪಣಿ ಪುಟಗಳ ನಕಲು ಕೇಳಿ. ಅರ್ಜಿಯಲ್ಲಿ ಸರ್ವೆ ನಂಬರು, ಅಧಿಸೂಚನೆಯ ಸಂಖ್ಯೆ, ದಿನಾಂಕ ಮೂರೂ ಇರಲಿ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಬಂದ ಮೇಲೆ ಹೈಕೋರ್ಟಿನಲ್ಲಿ ರಿಟ್ ಅರ್ಜಿಯ ಯೋಚನೆ ಮಾಡೋಣ.

ರಾಗಿಹೊಲ:
ಅಪ್ಪನ ಕೇಳಿದೆ. ನೋಟಿಸ್ ಬಂದಿತ್ತಂತೆ. ಆಕ್ಷೇಪಣೆನೂ ಬರೆದುಕೊಟ್ಟಿದ್ರಂತೆ, ಊರಿನ ಏಳು ಮಂದಿ ಸೇರಿ. ಸ್ವೀಕೃತಿ ಚೀಟಿ ಟ್ರಂಕಿನಲ್ಲಿ ಸಿಕ್ತು, ಮೊಹರು ಮಸುಕಾಗಿದೆ, ದಿನಾಂಕ ಓದೋಕೆ ಆಗುತ್ತೆ. ವಿಚಾರಣೆಗೆ ಅಂತ ಯಾರೂ ಕರೆದಿಲ್ಲ. ಅಂತಿಮ ಅಧಿಸೂಚನೆ ಬಂದಿದ್ದು ಯಾರಿಗೂ ಗೊತ್ತಿಲ್ಲ. ಆ ಏಳು ಜನರಲ್ಲಿ ನಾಲ್ವರು ಇದ್ದಾರೆ, ಉಳಿದವರ ಮಕ್ಕಳಿದ್ದಾರೆ. ಭಾನುವಾರ ಎಲ್ಲರನ್ನೂ ಅರಳಿಕಟ್ಟೆ ಹತ್ತಿರ ಬರೋಕೆ ಹೇಳಿದೀನಿ. ಅರ್ಜಿ ಒಂದೊಂದು ಸರ್ವೆ ನಂಬರಿಗೆ ಬೇರೆ ಬೇರೆ ಹಾಕಬೇಕಾ, ಎಲ್ಲಾ ಸೇರಿ ಒಂದೇ ಸಾಕಾ?

ಕಿರಿಯ ವಕೀಲೆ:
ಬೇರೆ ಬೇರೆ ಹಾಕಿ ಅಣ್ಣ. ಸ್ವೀಕೃತಿ ಚೀಟಿಯ ಮೂಲ ಪ್ರತಿ ಯಾರ ಕೈಗೂ ಕೊಡಬೇಡಿ.